ನೋವು ಹೋಯಿತು, ಕಾಲು ಇನ್ನೂ ಸಜ್ಜಾಗಿಲ್ಲ

ಪ್ರಶ್ನೆ: ವಾರಕ್ಕೆರಡು ದಿನ ವಾಲಿಬಾಲ್ ಆಡುತ್ತೇನೆ. ಎಂಟು ತಿಂಗಳಲ್ಲಿ ಬಲಗಾಲು ಮೂರು ಸಲ ಉಳುಕಿದೆ. ಪ್ರತಿ ಸಲವೂ ಹದಿನೈದು ದಿನ ವಿಶ್ರಾಂತಿ ತೆಗೆದುಕೊಂಡು, ನೋವು ಪೂರ್ತಿ ಹೋದ ಮೇಲೇ ಆಡಿದ್ದೇನೆ. ಆಟಕ್ಕೆ ಮೊದಲು ಐದು ನಿಮಿಷ ಸ್ಟ್ರೆಚಿಂಗ್ ತಪ್ಪಿಸುವುದಿಲ್ಲ. ಆದರೂ ಯಾಕೆ ಹೀಗೆ?

ಉತ್ತರ: ವಿಶ್ರಾಂತಿಯಿಂದ ಊತ ಇಳಿಯುತ್ತದೆ, ನೋವು ಹೋಗುತ್ತದೆ. ಕಾಲಿನ ಬಲ ಮತ್ತು ಬ್ಯಾಲೆನ್ಸ್ ಮಾತ್ರ ತಾವಾಗಿ ಮರಳುವುದಿಲ್ಲ. ನೆಟ್ ಕೆಳಗೆ ಇನ್ನೊಬ್ಬರ ಪಾದದ ಮೇಲೆ ಇಳಿದಾಗ ನಿಮ್ಮ ಪಾದ ಒಳಕ್ಕೆ ಮಡಚಿ, ಹೊರಬದಿಯ ಲಿಗಮೆಂಟ್ (ಮೂಳೆಗಳನ್ನು ಕೀಲಿನಲ್ಲಿ ಬಿಗಿದಿಡುವ ಪಟ್ಟಿ) ಎಳೆದುಹೋಗುತ್ತದೆ. ಪಾದ ಎಷ್ಟು ವಾಲಿದೆ ಎಂದು ಗೊತ್ತಾಗುವ ಸೂಕ್ಷ್ಮವೂ ಆಗ ಮಂಕಾಗುತ್ತದೆ. ಮುಂದಿನ ಸಲ ಪಾದ ವಾಲುವಾಗ ಅದನ್ನು ಹೊರಕ್ಕೆಳೆದು ನೆಟ್ಟಗೆ ಮಾಡಬೇಕಾದ ಸ್ನಾಯು ತಡವಾಗಿ ಎಚ್ಚರಗೊಳ್ಳುತ್ತದೆ.

ಈಗಲೇ ಪರೀಕ್ಷಿಸಿ: ಗೋಡೆಯ ಪಕ್ಕ ಬರಿಗಾಲಲ್ಲಿ, ಸೊಂಟದ ಮೇಲೆ ಕೈಯಿಟ್ಟು, ಒಂಟಿಕಾಲಲ್ಲಿ 30 ಸೆಕೆಂಡ್ ನಿಲ್ಲಿ. ಎಡಗಾಲು ಸ್ಥಿರವಾಗಿದ್ದು ಬಲಗಾಲು ತಡಬಡಾಯಿಸಿದರೆ ಕಾರಣ ಸಿಕ್ಕಿತು.

ದಿನಕ್ಕೆ ಹತ್ತು ನಿಮಿಷ ಕೊಡಿ, ಕನಿಷ್ಠ ಎಂಟು ವಾರ. ಒಂಟಿಕಾಲ ನಿಲುವು 30 ಸೆಕೆಂಡಿನಂತೆ ಮೂರು ಸಲ. ಸುಲಭವಾದಾಗ ಹಾಗೇ ನಿಂತು ಗೋಡೆಗೆ ಚೆಂಡೆಸೆದು ಹಿಡಿಯಿರಿ, ಆಮೇಲೆ ಮೆತ್ತನೆ ದಿಂಬಿನ ಮೇಲೆ ನಿಲ್ಲಿ. ಒಂಟಿಕಾಲಲ್ಲಿ ಹಿಮ್ಮಡಿ ಎತ್ತುವುದು 15ರಂತೆ ಮೂರು ಸುತ್ತು. ಇಳಿಸುವಾಗ ಮೂರು ಎಣಿಸಿ, ಧೊಪ್ಪನೆ ಬಿಡಬೇಡಿ. ವ್ಯಾಯಾಮದ ರಬ್ಬರ್ ಬ್ಯಾಂಡ್ ಕಟ್ಟಿ ಪಾದವನ್ನು ಹೊರಕ್ಕೆ ತಳ್ಳುವುದೂ ಅಷ್ಟೇ. ನಾಲ್ಕನೇ ವಾರದಿಂದ, ನೋವಿಲ್ಲದಿದ್ದರೆ, ಮುಂದಕ್ಕೂ ಪಕ್ಕಕ್ಕೂ ಸಣ್ಣದಾಗಿ ಕುಪ್ಪಳಿಸಿ, ಇಳಿದ ಜಾಗದಲ್ಲೇ ಎರಡು ಸೆಕೆಂಡ್ ಅಲುಗದೆ ನಿಲ್ಲಿ. ಹೆಚ್ಚಿನವರು ಎಡವುವುದು ಇಲ್ಲೇ: ಮಂಡಿ ಒಳಕ್ಕೆ ಬಾಗುತ್ತದೆ. ಮಂಡಿ ಕಾಲ್ಬೆರಳ ನೇರಕ್ಕೇ ಇರಲಿ.

ಇನ್ನು ನಿಮ್ಮ ಐದು ನಿಮಿಷ. ನಿಂತಲ್ಲೇ ಸ್ನಾಯು ಎಳೆದು ಹಿಡಿದರೆ ಮೈ ಬಿಸಿಯಾಗುವುದಿಲ್ಲ. ಒಂದೇ ಸ್ನಾಯುವನ್ನು ನಿಮಿಷಕ್ಕೂ ಹೆಚ್ಚು ಎಳೆದರೆ ಜಿಗಿತದ ಬಲವೂ ಸ್ವಲ್ಪ ಹೊತ್ತು ತಗ್ಗುತ್ತದೆ. ಅದನ್ನು ಆಟದ ನಂತರಕ್ಕಿಡಿ. ಮೊದಲು ಐದು ನಿಮಿಷ ನಿಧಾನ ಓಟ, ಪಕ್ಕದೋಟ, ತೆಳ್ಳಗೆ ಬೆವರೊಡೆಯುವ ತನಕ. ಬಳಿಕ ಕಾಲು ಬೀಸುವುದು, ಲಂಜ್ (ಒಂದು ಕಾಲು ಮುಂದಿಟ್ಟು ಮಂಡಿ ಬಾಗಿಸಿ ಇಳಿಯುವುದು) ತಲಾ ಹತ್ತು, ಒಂಟಿಕಾಲ ನಿಲುವು, ಸದ್ದಾಗದಂತೆ ಇಳಿಯುವ ಐದಾರು ಜಿಗಿತ. ಕೊನೆಗೆ ಬ್ಲಾಕ್, ಸ್ಮ್ಯಾಶ್: ಮೊದಲು ಅರ್ಧ ವೇಗ, ಆಮೇಲೆ ಪೂರ್ತಿ. ಒಟ್ಟು ಹದಿನೈದು ನಿಮಿಷ ಸಾಕು. ಬೆಂಚಿನಲ್ಲಿ ಕೂತಿದ್ದು ಅಂಗಳಕ್ಕಿಳಿಯುವವರು ಎರಡು ನಿಮಿಷವಾದರೂ ಮತ್ತೆ ಓಡಬೇಕು.

ಮೂರು ಸಲ ಉಳುಕಿದ ಕಾಲಿಗೆ ಒಂದು ವರ್ಷ ಆಟದ ಹೊತ್ತಿಗೆ ಲೇಸ್ ಇರುವ ಬ್ರೇಸ್ (ಪಾದದ ಕೀಲಿಗೆ ಆಧಾರ ಕೊಡುವ ಬಿಗಿ ಪಟ್ಟಿ) ಹಾಕಿ. ಕಾಲಿಗೆ ಸುತ್ತುವ ಟೇಪ್ ಬೆವರಿಗೆ ಸಡಿಲವಾಗುತ್ತದೆ. ಬ್ರೇಸನ್ನು ನಡುವೆ ಬಿಗಿ ಮಾಡಿಕೊಳ್ಳಬಹುದು. ಸಮತಟ್ಟಾದ ನೆಲದಲ್ಲೂ ಕಾಲು ಜಾರಿದಂತಾದರೆ ಫಿಸಿಯೋಥೆರಪಿಸ್ಟರಿಗೆ ತೋರಿಸಲೇಬೇಕು. ಉಳುಕಿದಾಗ ನಾಲ್ಕು ಹೆಜ್ಜೆಯೂ ಇಡಲಾಗದಿದ್ದರೆ, ಅಥವಾ ಪಾದದ ಕೀಲಿನ ಉಬ್ಬುಮೂಳೆಯ ಹಿಂದಿನ ಅಂಚು ಒತ್ತಿದರೆ ನೋಯುತ್ತಿದ್ದರೆ, ಅಂದೇ ಎಕ್ಸ್‌ರೇ ತೆಗೆಸಿ.

ಪ್ರಶ್ನೆ: ರನ್ ಓಡುವಾಗ ತೊಡೆಯ ಹಿಂಭಾಗ ಮತ್ತೆ ಮತ್ತೆ ಹಿಡಿಯುತ್ತದೆ. ಯಾವ ವ್ಯಾಯಾಮ ಒಳ್ಳೆಯದು?

ಉತ್ತರ: ಈಗ ನೋವಿಲ್ಲದಿದ್ದರೆ ನಾರ್ಡಿಕ್. ಮೆತ್ತನೆಯ ನೆಲದಲ್ಲಿ ಮಂಡಿಯೂರಿ, ಜೊತೆಗಾರರು ಹಿಮ್ಮಡಿ ಒತ್ತಿ ಹಿಡಿದಿರಲು, ಸೊಂಟ ಮಡಚದೆ ಆದಷ್ಟು ನಿಧಾನ ಮುಂದಕ್ಕೆ ಬಾಗಿ, ಕೊನೆಗೆ ಕೈಯೂರಿ. ಮೊದಲ ವಾರ ಒಂದೇ ದಿನ, ಐದರಂತೆ ಎರಡು ಸುತ್ತು. ಮರುದಿನ ಮೈನೋವು ಬರುವುದು ಸಹಜ. ಪಂದ್ಯದ ಹಿಂದಿನ ದಿನ ಮಾಡಬೇಡಿ.