ಮೊಬೈಲಿಗೆ 90 ಬರುತ್ತೆ, ಕಂಪ್ಯೂಟರಿಗೆ 30 ದಾಟಲ್ಲ. ವೈಫೈ ಕಾರ್ಡ್ ಬದಲಿಸಿದರೆ ಸರಿಹೋಗುತ್ತಾ?

ನಿಮ್ಮ ಪ್ರಶ್ನೆಯಲ್ಲಿರುವ ವಿವರ ಇಷ್ಟು: ಮೂಡಿಗೆರೆ ಕಡೆಯ ಹಳೆಯ ತೊಟ್ಟಿ ಮನೆ, 100 ಎಂಬಿಪಿಎಸ್ ಫೈಬರ್, ಹಜಾರದಲ್ಲಿ ರೂಟರ್, ಪಕ್ಕದ ಕೋಣೆಯಲ್ಲಿ ವಿಂಡೋಸ್ 10 ಇರುವ ಡೆಸ್ಕ್‌ಟಾಪ್. ಮೇಜಿನ ಮೇಲಿಟ್ಟ ಮೊಬೈಲಿಗೆ 90 ಸಿಗುತ್ತದೆ, ಕಂಪ್ಯೂಟರಿಗೆ 30. ಹಿಂಬದಿಗೆ ಸಿಕ್ಕಿಸಿರುವ ಉಗುರಿನಷ್ಟು ಚಿಕ್ಕ ಡಾಂಗಲ್ (ಯುಎಸ್‌ಬಿ ವೈಫೈ ಅಡಾಪ್ಟರ್) ಮೇಲೆ ‘150’ ಎಂದಿದೆ.

ಬದಲಿಸಿ, ಬಹುಪಾಲು ಸರಿಹೋಗುತ್ತದೆ. ಆದರೆ ದುಡ್ಡು ಕೊಡುವ ಮುಂಚೆ ಎರಡು ಪರೀಕ್ಷೆ ಮಾಡಿಕೊಳ್ಳಿ.

ಮೊದಲನೆಯದು: ಟಾಸ್ಕ್‌ಬಾರಿನ ವೈಫೈ ಚಿಹ್ನೆ ಒತ್ತಿ, ನಿಮ್ಮ ನೆಟ್‌ವರ್ಕಿನ ಪ್ರಾಪರ್ಟೀಸ್ ತೆರೆದು ಕೆಳಗಿನವರೆಗೂ ಇಳಿಯಿರಿ. ನೆಟ್‌ವರ್ಕ್ ಬ್ಯಾಂಡ್ (ವೈಫೈ ಓಡುವ ರೇಡಿಯೋ ಪಟ್ಟಿ, 2.4 ಅಥವಾ 5) 2.4 ಗಿಗಾಹರ್ಟ್ಸ್, ಲಿಂಕ್ ಸ್ಪೀಡ್ (ರೂಟರಿಗೂ ಡಾಂಗಲಿಗೂ ನಡುವಿನ ವೇಗ) 72 ಎಂದು ಇದ್ದರೆ ಕಾರಣ ಅಲ್ಲೇ ಸಿಕ್ಕಿತು. ಡಾಂಗಲ್ ಮೇಲಿನ 150 ಬರಬೇಕಾದರೆ ಚಾನೆಲ್ 40 ಮೆಗಾಹರ್ಟ್ಸ್ ಅಗಲ ಇರಬೇಕು. ಮನೆಯ ರೂಟರುಗಳು 2.4ರಲ್ಲಿ ಸಾಮಾನ್ಯವಾಗಿ 20ರಲ್ಲೇ ನಿಲ್ಲುತ್ತವೆ. ಒಂದೇ ಆಂಟೆನಾದ ಡಾಂಗಲಿಗೆ ಆಗ ಸಿಗುವ ಗರಿಷ್ಠ ಲಿಂಕ್ 72. ಲಿಂಕಿನ ಅರ್ಧದಷ್ಟು, ಹೆಚ್ಚೆಂದರೆ ಅದಕ್ಕಿಂತ ಸ್ವಲ್ಪ ಮೇಲೆ ನಿಜವಾದ ಡೌನ್‌ಲೋಡ್ ವೇಗವಾಗಿ ಕೈಗೆ ಬರುತ್ತದೆ. ನಿಮ್ಮ 30ರ ಲೆಕ್ಕ ಅದಕ್ಕೆ ಸರಿಯಾಗಿ ಹೊಂದುತ್ತದೆ. ಡಾಂಗಲ್ ಕೆಟ್ಟಿಲ್ಲ, ಅದರ ಶಕ್ತಿಯೇ ಅಷ್ಟು.

ಎರಡನೆಯದು ಇನ್ನೂ ಮುಖ್ಯ. ಮೊಬೈಲನ್ನು ರೂಟರಿನ 5 ಗಿಗಾಹರ್ಟ್ಸ್ ಹೆಸರಿಗೆ ಸೇರಿಸಿ (ಆ ಹೆಸರಿನ ಕೊನೆಯ ‘5ಜಿ’ಗೂ ಮೊಬೈಲ್ 5ಜಿಗೂ ಸಂಬಂಧವಿಲ್ಲ), ಮೇಜಿನ ಮೇಲಲ್ಲ, ಡಾಂಗಲ್ ಇರುವ ಜಾಗದಲ್ಲೇ, ಅಂದರೆ ಕ್ಯಾಬಿನೆಟ್ಟಿನ ಬೆನ್ನಿಗೆ ಹಿಡಿದು ಸ್ಪೀಡ್ ನೋಡಿ. ಅಲ್ಲೂ 90 ಬಂದರೆ 5 ಗಿಗಾಹರ್ಟ್ಸ್ ಹಿಡಿಯುವ ಯಾವ ಹೊಸ ಕಾರ್ಡ್ ಹಾಕಿದರೂ ನಡೆಯುತ್ತದೆ. ಮೇಜಿನ ಮೇಲೆ 90, ಕೆಳಗೆ 40 ಎಂದಾದರೆ ತಗಡಿನ ಕ್ಯಾಬಿನೆಟ್ ಅಡ್ಡ ಬರುತ್ತಿದೆ ಎಂದರ್ಥ. ಆಗ ಆಂಟೆನಾ ಮೇಜಿನ ಮೇಲೆ ಬರುವಂಥ ಮಾದರಿಯನ್ನೇ ತೆಗೆದುಕೊಳ್ಳಬೇಕು. ಮಣ್ಣು-ಕಲ್ಲಿನ ಒಂದೂವರೆ ಅಡಿ ಗೋಡೆ 5 ಗಿಗಾಹರ್ಟ್ಸ್ ಸಿಗ್ನಲನ್ನು 2.4ಕ್ಕಿಂತ ಹೆಚ್ಚು ನುಂಗುತ್ತದೆ. ಅಂಥ ಮನೆಯಲ್ಲಿ ಆಂಟೆನಾ ಎರಡಡಿ ಆಚೆ ಈಚೆ ಸರಿದರೂ ವ್ಯತ್ಯಾಸ ಕಾಣುತ್ತದೆ. 5ರ ಹೆಸರೇ ಮೊಬೈಲಿನಲ್ಲಿ ಕಾಣದಿದ್ದರೆ ರೂಟರೇ 2.4ರದ್ದು ಇರಬಹುದು, ಹಾಗಿದ್ದರೆ ಮೊದಲು ಅದನ್ನು ಬದಲಿಸಿ.

ಯಾವುದು ಕೊಳ್ಳುವುದು? ಡಬ್ಬದ ಮೇಲಿನ ‘ಎಸಿ’ ಎಂದರೆ ವೈಫೈ 5, ‘ಎಎಕ್ಸ್’ ಎಂದರೆ ವೈಫೈ 6; ಮುಂದಿನ ಸಂಖ್ಯೆ ಎರಡು ಬ್ಯಾಂಡುಗಳ ಮೊತ್ತ, ಸ್ವಲ್ಪ ಮೇಲಕ್ಕೆ ದುಂಡಾಗಿಸಿದ್ದು. ಎಸಿ1300 ಎಂದರೆ 400 ಮತ್ತು 867. ಎಎಕ್ಸ್1800 ಎಂದರೆ 574 ಮತ್ತು 1201. ಒಂದು ಸಲಕ್ಕೆ ಒಂದೇ ಬ್ಯಾಂಡ್ ಕೆಲಸ ಮಾಡುವುದರಿಂದ ದೊಡ್ಡ ಭಾಗವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ನಿಮ್ಮ ಕನೆಕ್ಷನ್ 100 ಆದ್ದರಿಂದ ಎರಡು ಆಂಟೆನಾದ ಎಸಿ1300 ಸಾಕು. ವೈಫೈ 7 ಕಾರ್ಡಿಗೆ ಈಗ ಹಣ ಸುರಿಯುವುದು ನನ್ನ ಮಟ್ಟಿಗೆ ದಂಡ. ಮದರ್‌ಬೋರ್ಡಿನಲ್ಲಿ ಚಿಕ್ಕ ಪಿಸಿಐಇ ಸ್ಲಾಟ್ (ಕಾರ್ಡ್ ಸಿಕ್ಕಿಸುವ ಸೀಳು) ಖಾಲಿಯಿದ್ದರೆ ನಾನು ಯುಎಸ್‌ಬಿ ಬಿಟ್ಟು ಕಾರ್ಡನ್ನೇ ಆರಿಸುತ್ತೇನೆ, ಅದರಲ್ಲೂ ಅಯಸ್ಕಾಂತದ ಸ್ಟ್ಯಾಂಡ್ ಮೇಲೆ ವೈರಿನ ತುದಿಯಲ್ಲಿ ಆಂಟೆನಾ ಇರುವುದನ್ನು. ಚಿಕ್ಕ ಸ್ಲಾಟ್ ಇಲ್ಲದಿದ್ದರೆ ಉದ್ದ ಸ್ಲಾಟಿನಲ್ಲೂ ಅದೇ ಕಾರ್ಡ್ ಕೂರುತ್ತದೆ. ಇಂಟೆಲ್ ಎಎಕ್ಸ್200 ಅಥವಾ ಎಎಕ್ಸ್210 ಚಿಪ್ಪಿನ ಕಾರ್ಡು ಎಎಂಡಿ ಬೋರ್ಡಿನಲ್ಲೂ ನಡೆಯುತ್ತದೆ. ಎಎಕ್ಸ್201, ಎಎಕ್ಸ್211 ಮಾತ್ರ ಬೇಡ. ನೋಡಲು ಒಂದೇ ಥರ ಇದ್ದರೂ ಅವು ಕೆಲವು ಇಂಟೆಲ್ ಬೋರ್ಡುಗಳಲ್ಲಿ ಮಾತ್ರ ಜೀವ ಪಡೆಯುತ್ತವೆ. ಇದನ್ನು ಓದುವ ಯಾರಾದರೂ ಇನ್ನೂ ವಿಂಡೋಸ್ 7ರಲ್ಲಿದ್ದರೆ, ಈ ಎಎಕ್ಸ್ ಚಿಪ್ಪುಗಳಿಗೆ ಅದರಲ್ಲಿ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಇಲ್ಲ.

ಡ್ರೈವರನ್ನು ಹಳೆಯ ಡಾಂಗಲ್ ಕೆಲಸ ಮಾಡುತ್ತಿರುವಾಗಲೇ ಇಳಿಸಿಕೊಳ್ಳಿ. ಕಾರ್ಡ್ ಹಾಕಿದ ಮೇಲೆ ಡ್ರೈವರಿಗೆ ನೆಟ್ ಬೇಕು, ನೆಟ್ಟಿಗೆ ಡ್ರೈವರ್ ಬೇಕು ಎಂಬಲ್ಲಿಗೆ ನಿಲ್ಲಬಾರದು. ಮರೆತರೆ ಮೊಬೈಲನ್ನು ಕೇಬಲಿನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ (ಮೊಬೈಲಿನ ನೆಟ್ಟನ್ನು ಕಂಪ್ಯೂಟರಿಗೆ ಕೊಡುವ ಆಯ್ಕೆ) ಹಾಕಿ, ಕೆಲಸ ಮುಂದುವರಿಯುತ್ತದೆ.

ಕಂಪ್ಯೂಟರ್ ಆಫ್ ಮಾಡಿ, ಗೋಡೆಯ ಪ್ಲಗ್ ಕಿತ್ತು, ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಬರಿಗೈಯಲ್ಲಿ ಕ್ಯಾಬಿನೆಟ್ಟಿನ ತಗಡು ಮುಟ್ಟಿ, ನಂತರ ಕಾರ್ಡನ್ನು ಅಂಚಿನಲ್ಲಿ ಹಿಡಿದು ನೇರವಾಗಿ ಕೂರಿಸಿ, ಸ್ಕ್ರೂ ಬಿಗಿಯಿರಿ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಥಂಡಿ ಹಿಡಿದ ಸ್ಲಾಟಿನಲ್ಲಿ ದೂಳು ಅಂಟಿರುತ್ತದೆ. ಒಣ ಬ್ರಷ್ಷಿನಿಂದ ಮೊದಲೇ ತೆಗೆಯಿರಿ. ಕಾರ್ಡಿನಿಂದ ಹೊರಡುವ ತೆಳ್ಳನೆಯ ವೈರನ್ನು ಬೋರ್ಡಿನ ಒಂಬತ್ತು ಪಿನ್ನಿನ ಯುಎಸ್‌ಬಿ ಹೆಡರಿಗೆ ಹಾಕಬೇಕು. ಅದಿಲ್ಲದಿದ್ದರೆ ವೈಫೈ ಬರುತ್ತದೆ, ಬ್ಲೂಟೂತ್ ಬರುವುದಿಲ್ಲ. ಒಂದು ಮೂಲೆಯಲ್ಲಿ ಪಿನ್ ಇರುವುದಿಲ್ಲ, ದಿಕ್ಕು ತಿಳಿಯುವುದು ಅದರಿಂದಲೇ.

ಆಂಟೆನಾ ಕೊನೆಗೆ. ಕಾರ್ಡಿನ ಕಡೆ ನಡುವೆ ಪಿನ್, ಆಂಟೆನಾ ಕಡೆ ನಡುವೆ ತೂತು, ಇದು ಸರಿಯಾದ ಜೋಡಿ. 4ಜಿ ರೂಟರಿನ ಆಂಟೆನಾಗೆ ಒಳಗೆ ಪಿನ್ ಇರುತ್ತದೆ. ತಿರುಪಿನ ಸುತ್ತು ಅದೇ ಆದ್ದರಿಂದ ತಿರುಗುತ್ತದೆ, ಆದರೆ ಪಿನ್ನಿಗೆ ಪಿನ್ ಒತ್ತಿ ಹಾಳಾಗುತ್ತದೆ. ತೆಳು ವೈರನ್ನು ಮೂರು ಮೀಟರ್ ಉದ್ದ ಎಳೆಯಬೇಡಿ, ಗಳಿಸಿದ ಸಿಗ್ನಲ್ ವೈರಿನಲ್ಲೇ ಕರಗುತ್ತದೆ. ಒಂದು ಮೀಟರ್ ಸಾಕು.

ಬೂಟ್ ಆದ ಮೇಲೆ ಡಿವೈಸ್ ಮ್ಯಾನೇಜರಿನಲ್ಲಿ ಹಳೆಯ ಡಾಂಗಲ್ ಡಿಸೇಬಲ್ ಮಾಡಿ, ಅಥವಾ ಕಿತ್ತೇಬಿಡಿ. ಎರಡೂ ಇದ್ದರೆ ಹಳೆಯದರ ಮೇಲೇ ಡೌನ್‌ಲೋಡ್ ನಡೆದು, ಹೊಸ ಕಾರ್ಡ್ ಕೆಟ್ಟದ್ದು ಎನಿಸಬಹುದು. ಹೊಸ ಕಾರ್ಡಿನ ಪವರ್ ಮ್ಯಾನೇಜ್‌ಮೆಂಟ್ ಹಾಳೆಯಲ್ಲಿ ‘ವಿದ್ಯುತ್ ಉಳಿಸಲು ಈ ಸಾಧನ ಆಫ್ ಮಾಡು’ ಎಂಬರ್ಥದ ಟಿಕ್ ತೆಗೆಯಿರಿ.

ನಮ್ಮ ಕಡೆ ಕರೆಂಟ್ ಹೋಗಿ ಬಂದಾಗ ಕಾಣುವ ಒಂದು ತೊಂದರೆ ಹೇಳಲೇಬೇಕು. ರೂಟರ್ 52ರಿಂದ 144ರ ನಡುವಿನ ಚಾನೆಲಿನಲ್ಲಿದ್ದರೆ, ಆನ್ ಆದ ತಕ್ಷಣ 5 ಗಿಗಾಹರ್ಟ್ಸ್ ಹೊರಡಿಸುವುದಿಲ್ಲ. ರೇಡಾರ್ ಇದೆಯೇ ಎಂದು ಒಂದು ನಿಮಿಷವಾದರೂ ಕೇಳಿಸಿಕೊಂಡು ಶುರುಮಾಡುತ್ತದೆ. ಅಷ್ಟರಲ್ಲಿ ಕಂಪ್ಯೂಟರ್ 2.4ಕ್ಕೆ ಅಂಟಿಕೊಂಡು ಅಲ್ಲೇ ಉಳಿಯುತ್ತದೆ. ರೂಟರಿನ ಸೆಟ್ಟಿಂಗಿನಲ್ಲಿ ಚಾನೆಲನ್ನು 36ರಿಂದ 48ರೊಳಗೆ ನಿಲ್ಲಿಸಿ. ಕಾರ್ಡಿನ ಅಡ್ವಾನ್ಸ್ಡ್ ಹಾಳೆಯಲ್ಲಿ ಪ್ರಿಫರ್ಡ್ ಬ್ಯಾಂಡ್ 5 ಗಿಗಾಹರ್ಟ್ಸ್ ಮಾಡಿ. ಎರಡು ಬ್ಯಾಂಡಿಗೆ ಬೇರೆ ಬೇರೆ ಹೆಸರಿಟ್ಟರೆ ಇನ್ನೂ ನಿಶ್ಚಿಂತೆ.

ಸ್ಲಾಟ್ ಖಾಲಿಯಿಲ್ಲದೆ ಯುಎಸ್‌ಬಿಯೇ ಗತಿ ಎಂದಾದರೆ, ಹಿಂಬದಿಯ ನೀಲಿ ಪೋರ್ಟಿಗೆ ಒಂದು ಮೀಟರಿನ ಯುಎಸ್‌ಬಿ 3 ಎಕ್ಸ್‌ಟೆನ್ಶನ್ ಹಾಕಿ ಅಡಾಪ್ಟರನ್ನು ಮೇಜಿನ ಮೇಲೆ ತನ್ನಿ. ಮುಂಬದಿಯ ಪೋರ್ಟ್ ಬೇಡ, ಒಳಗಿನ ಸಣ್ಣ ವೈರಿನಿಂದ ವೋಲ್ಟೇಜ್ ಕುಸಿದು ಕನೆಕ್ಷನ್ ಪದೇಪದೇ ಕಡಿದುಹೋಗಬಹುದು. ಯುಎಸ್‌ಬಿ 3 ಪೋರ್ಟು, ಹಾರ್ಡ್‌ಡಿಸ್ಕ್ ಕೇಬಲ್ಲುಗಳು 2.4ರ ಸುತ್ತ ಗದ್ದಲ ಎಬ್ಬಿಸುತ್ತವೆ, ವೈರ್‌ಲೆಸ್ ಮೌಸ್ ತಡವರಿಸಿದರೆ ಅದರ ರಿಸೀವರನ್ನು ದೂರ ಸರಿಸಿ.

ಇನ್ನು ಮನೆಯೊಳಗೇ ರೂಟರಿನಿಂದ ಕೇಬಲ್ ಎಳೆಯಲು ಸಾಧ್ಯವಿದ್ದರೆ, 15 ಮೀಟರ್ ಕ್ಯಾಟ್ 6 ಕೇಬಲಿನ ಮುಂದೆ ಯಾವ ವೈಫೈ ಕಾರ್ಡೂ ನಿಲ್ಲುವುದಿಲ್ಲ. ಆದರೆ ಮನೆಯಿಂದ ಹೊರಗಿನ ಕಾಫಿ ಗೋದಾಮಿಗೆ ಅಂಗಳದ ಮೇಲೆ ತಾಮ್ರದ ಕೇಬಲ್ ಎಳೆಯಲು ಹೋಗಬೇಡಿ. ಏಪ್ರಿಲ್-ಮೇ ಸಿಡಿಲಿಗೆ ರೂಟರೂ ಮದರ್‌ಬೋರ್ಡೂ ಒಟ್ಟಿಗೇ ಸುಡಬಹುದು. ಅಲ್ಲಿಗೆ ಫೈಬರ್ ಎಳೆಸಿ. ಅದರೊಳಗಿನ ಗಾಜಿನೆಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಲೋಹದ ತಂತಿಯ ಆಸರೆ ಇಲ್ಲದ ಫೈಬರನ್ನೇ ಕೇಳಿ ತೆಗೆದುಕೊಳ್ಳಿ.