ಗೋಕರ್ಣದ ಗದ್ದಲ ಬೇಡ, ನದಿ ಸಮುದ್ರ ಸೇರುವ ಸಣ್ಣ ಊರು ಯಾವುದಿದೆ?

ಕಲಬುರಗಿಯಿಂದ ಮನೆಮಂದಿ ಜೊತೆ ಹೊರಟಿದ್ದೀರಿ, ಗೋಕರ್ಣದ ಗದ್ದಲ ಬೇಡ, ನದಿ ಸಮುದ್ರ ಸೇರುವ ಊರು ಹೇಳಿ ಅಂತ ಕೇಳಿದ್ದೀರಿ. ನಾನೂ ಕಲಬುರಗಿಯವನೇ. ಕಣ್ಣು ಮುಚ್ಚಿಕೊಂಡು ಅಘನಾಶಿನಿಗೆ ಹೋಗಿ. ಕುಮಟಾ ತಾಲ್ಲೂಕಿನ ಊರು, ನದಿಗೂ ಅದೇ ಹೆಸರು. ಆಚೆ ದಡದಲ್ಲಿ ತದಡಿ ಬಂದರು, ನಡುವೆ ದೋಣಿ ಓಡಾಡುತ್ತೆ, ಬೈಕ್ ಕೂಡ ಹತ್ತಿಸುತ್ತಾರೆ.

ಸುಮ್ನೆ ಬೀಚ್ ನೋಡಿ ವಾಪಸ್ ಬರಬೇಡಿ. ಅಲ್ಲಿ ನೋಡಬೇಕಾದದ್ದು ಅಳಿವೆ, ಅಂದರೆ ನದಿ ಸಮುದ್ರ ಸೇರುವ ಜಾಗ, ಅದೂ ನೀರು ಇಳಿದಾಗ. ಮರಳ ದಿಬ್ಬಗಳು ಮೇಲೆ ಬರುತ್ತವೆ. ಊರಿನ ಹೆಂಗಸರು ಗಂಡಸರು ನೀರಿಗಿಳಿದು, ಕೆಸರಲ್ಲಿ ಕೈಕಾಲಿನಿಂದಲೇ ತಡವಿ ಬಳಚು (ತಿನ್ನುವ ಚಿಪ್ಪುಜೀವಿ) ಹುಡುಕುತ್ತಾರೆ, ಸಿಕ್ಕಿದ್ದನ್ನು ತೊಳೆದು ಬುಟ್ಟಿಗೆ ಹಾಕುತ್ತಾರೆ. ಎಷ್ಟೋ ಮನೆಗಳ ಒಲೆ ಉರಿಯೋದು ಇದರಿಂದಲೇ. ಮೀನು ತಿನ್ನೋರಾದರೆ ಬಳಚಿನ ಸುಕ್ಕಾ ಬಿಡಬೇಡಿ.

ಈ ಸಮೃದ್ಧಿಗೆ ಕಾರಣ ಇದೆ. ಶಿರಸಿ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ ಬರುವ ಈ ನದಿಗೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ಘಟ್ಟದ ಸಿಹಿನೀರು, ಫಲವತ್ತಾದ ಮಣ್ಣು ಎಲ್ಲ ನೇರವಾಗಿ ಬಂದು ಉಪ್ಪುನೀರಿಗೆ ಸೇರುತ್ತೆ, ಆ ಬೆರಕೆ ನೀರಲ್ಲೇ ಬಳಚು, ಸಿಗಡಿ ಬೆಳೆಯೋದು. ಭೀಮೆ, ಕೃಷ್ಣೆಗೆ ಕಟ್ಟಿದ ಬ್ಯಾರೇಜು, ಡ್ಯಾಮು ನೋಡುತ್ತಾ ಬೆಳೆದ ನಮ್ಮಂಥವರು ಇಂಥ ನದಿಯನ್ನು ಒಮ್ಮೆಯಾದರೂ ನೋಡಲೇಬೇಕು. 2024ರಲ್ಲಿ ಈ ಅಳಿವೆಗೆ ರಾಮ್ಸರ್ ಮಾನ್ಯತೆ, ಅಂದರೆ ಜಗತ್ತಿನ ಮಹತ್ವದ ಜೌಗುಪ್ರದೇಶ ಅನ್ನೋ ಗುರುತು ಸಿಕ್ಕಿತು. ನನಗಂತೂ ತುಂಬಾ ಖುಷಿಯಾಯಿತು.

ದಾರಿಯಲ್ಲಿ ಗಜನಿ ಗದ್ದೆಗಳು, ಅಂದರೆ ಅಳಿವೆಯ ಅಂಚಿನ ತಗ್ಗು ಗದ್ದೆಗಳು ಸಿಗುತ್ತವೆ. ಮಳೆಗಾಲದಲ್ಲಿ ಅಲ್ಲಿ ಕಗ್ಗ ಅನ್ನೋ ಭತ್ತ ಬೆಳೆಯುತ್ತಾರೆ, ಉಪ್ಪುನೀರು ನುಗ್ಗಿದರೂ ತಡೆದುಕೊಳ್ಳುತ್ತೆ. ಕೊಯ್ಲಾದ ಮೇಲೆ ಅದೇ ಗದ್ದೆಗೆ ನೀರು ಬಿಟ್ಟು ಸಿಗಡಿ, ಮೀನು ಹಿಡಿಯುತ್ತಾರೆ. ತದಡಿ ಕಡೆಗೆ ಬಂದರೆ ಸಾಣಿಕಟ್ಟೆಯ ಉಪ್ಪಿನಾಗರ (ಉಪ್ಪು ತಯಾರಿಸುವ ಗದ್ದೆ) ನೋಡಿ. ಬೇಸಿಗೆಯಲ್ಲಿ ಬಿಳಿ ರಾಶಿಗಳು ಬಿದ್ದಿರುತ್ತವೆ. ಮಿರ್ಜಾನ್ ಕೋಟೆಯೂ ಹತ್ತಿರ. ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಹೆಸರು ಕೇಳಿರ್ತೀರಲ್ವಾ, ಆಕೆಯ ಕೋಟೆ.

ಹುಬ್ಬಳ್ಳಿವರೆಗೆ ಬಂದರೆ ಕುಮಟಾಕ್ಕೆ ಬಸ್ಸಿದೆ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ನಮ್ಮ ಬಿಸಿಲು ತಪ್ಪಿಸಿಕೊಳ್ಳೋಣ ಅಂತ ಮೇ ತಿಂಗಳಲ್ಲಿ ಮಾತ್ರ ಹೋಗಬೇಡಿ, ಅಲ್ಲಿ ಬೆವರು ಆರೋದೇ ಇಲ್ಲ, ವಯಸ್ಸಾದವರಿಗೆ ಸುಸ್ತು ಜಾಸ್ತಿ. ಇಳಿತದ ಹೊತ್ತು ದಿನದಿನಕ್ಕೂ ಬದಲಾಗುತ್ತೆ, ಹಿಂದಿನ ಸಂಜೆಯೇ ದೋಣಿಯವರನ್ನು ಕೇಳಿಟ್ಟುಕೊಳ್ಳಿ. ಅಳಿವೆಯ ಬಾಯಲ್ಲಿ ಸೆಳೆತ ಜೋರು, ಮಕ್ಕಳನ್ನು ನೀರಿಗೆ ಬಿಡಬೇಡಿ.