ನೂರು ಸಿಸಿ ಸಾಕು, ಚೈನ್ ಕಡೆ ಗಮನ ಇರಲಿ

100 ಸಿಸಿ ಬೈಕಿನಲ್ಲಿ ಒಬ್ಬರೇ ಎರಡು ದಿನ ನಿಮ್ಮೂರ ಸುತ್ತಿನ ಹಳ್ಳಿ ರಸ್ತೆ ಸುತ್ತಿದರೆ ಇಂಜಿನ್ ತಾಳುತ್ತಾ ಅಂತ ಕೇಳಿದ್ದೀರಿ. ಧಾರಾಳವಾಗಿ ತಾಳುತ್ತೆ. ಗಾಳಿಯಿಂದಲೇ ತಣ್ಣಗಾಗುವ ಇಂಜಿನ್ ಅಲ್ವಾ, ಓಡುತ್ತಿರುವಷ್ಟು ಹೊತ್ತು ತೊಂದರೆಯಿಲ್ಲ. ಕಷ್ಟ ಇರುವುದು ಉದ್ದನೆಯ ಏರಿನಲ್ಲಿ. ಅಲ್ಲಿ ಟಾಪ್ ಗೇರಿನಲ್ಲೇ ಒದ್ದಾಡಿಸಬೇಡಿ, ಮೊದಲೇ ಒಂದು ಗೇರ್ ಇಳಿಸಿ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸುವ ಆಸೆಯೂ ಬೇಡ. ನ್ಯೂಟ್ರಲ್‌ನಲ್ಲಿ ಇಂಜಿನ್ ಬೈಕನ್ನು ತಡೆಯಲ್ಲ, ಪೂರ್ತಿ ಭಾರ ಬ್ರೇಕ್ ಮೇಲೆ ಬೀಳುತ್ತೆ. ಬ್ರೇಕ್ ಕಾದರೆ ಹಿಡಿತ ಕಮ್ಮಿಯಾಗುತ್ತೆ.

ನಾನು ಸುಮ್ನೆ ಇಂಜಿನ್ ಬಗ್ಗೆ ಹೆದರಿಕೊಂಡು ಚೈನ್ ನೋಡುವುದನ್ನೇ ಮರೆತಿದ್ದೆ. ಮಣ್ಣು ದಾರಿಯಲ್ಲಿ ಕಳಚಿಕೊಂಡಿತು. ಸ್ಪ್ಯಾನರ್ ಇರಲಿಲ್ಲ, ಎರಡು ಕಿಲೋಮೀಟರ್ ತಳ್ಳಿದೆ! ಹೊರಡುವ ಹಿಂದಿನ ದಿನವೇ ಚೈನ್ ಬಿಗಿ ಮಾಡಿಸಿ, ಎಣ್ಣೆ ಹಾಕಿ. ಅಂದಹಾಗೆ, ನಿಮ್ಮದು ಟ್ಯೂಬ್‌ಲೆಸ್ ಟೈರಾ? ಅಲ್ಲದಿದ್ದರೆ ಒಂದು ಟ್ಯೂಬ್ ಜೊತೆಗಿರಲಿ.